ಕುಳ್ಳ ತೇಗದ ತಂಪು

ಗುಟುಕು ನೀರಿಗೇ ಮುಗಿಲೆತ್ತರ ಬೆಳೆಯುವ ತೇಗದ ತಳಿ ಬಂದ ಮೇಲೆ ನೆಡುತೋಪಿನ ನೆರಳಿನಲ್ಲಿ ತಂಪು ಉಳಿದಿರಲಿಲ್ಲ. ಆ ಮರಗಳ ಎಲೆಗಳು ಹನಿ ತೇವವನ್ನೂ ಗಾಳಿಗೆ ಬಿಡುತ್ತಿರಲಿಲ್ಲ. ಆದರೆ ಹಳೆಯ ತಳಿಯ ಗುಣ ಮರುಕಳಿಸಿದ ಕುಳ್ಳ ಮರವೊಂದಿತ್ತು. ತೋಪಿನ ಕೆಲಸದ ಫಕೀರವ್ವ ಮಧ್ಯಾಹ್ನವಾದರೆ ಅದರ ಬುಡದಲ್ಲಿ ಕೂತು, ತಣ್ಣನೆಯ ಗಾಳಿಗೆ ಕಣ್ಣು ಮುಚ್ಚುತ್ತಿದ್ದಳು.

ಒಂದು ದಿನ ಮೇಸ್ತ್ರಿ ದ್ಯಾಮಣ್ಣ ಉದ್ದನೆಯ ಗರಗಸ ಹೊತ್ತು ಬಂದ.

"ಏಳು ಯವ್ವಾ. ಇದೊಂದ ನಾಕು ಮರದ ನೀರು ಕುಡೀತೈತಿ. ಕಡೀಬೇಕು."

"ಕಡೀವಂತಿ. ಮೊದಲ ಒಂದೀಟು ಕುಂದ್ರಪಾ."

ದ್ಯಾಮಣ್ಣ ಕೂತ. ಎಲೆಗಳ ತೇವದ ಉಸಿರು ಅವನ ಬೆವರಿದ ಕತ್ತನ್ನು ಸವರಿತು. ಎಷ್ಟೋ ವರ್ಷದಿಂದ ಕಾಣದ ನಿದ್ದೆ ಬಂದು ಅವನನ್ನು ಆವರಿಸಿಕೊಂಡಿತು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಅವನು ಗರಗಸ ಎತ್ತಿ, ಪಕ್ಕದ ಎತ್ತರದ ತೇಗದ ಬುಡಕ್ಕೆ ಇಟ್ಟ.

"ಆ ತುದಿ ಹಿಡಿ ಯವ್ವಾ," ಎಂದ. "ನಿನ್ನ ಕುಳ್ಳಗ ನೀರು ಸಾಲವಲ್ದು."