ಇಪ್ಪತ್ತಮೂರನೆಯ ಪುಟ

ಕನ್ಸಲ್ಟಿಂಗ್ ಕಂಪನಿಯಲ್ಲಿ ಒಂಬತ್ತು ವರ್ಷ ದುಡಿದವನು ಈಗ ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಸಂದರ್ಶನಕ್ಕೆ ಬಂದು ಕೂತಿದ್ದ.

"ಆ ಕೆಲಸ ಯಾಕೆ ಬಿಡ್ತಿದ್ದೀರಿ?" ಹಿರಿಯ ಅಧಿಕಾರಿಣಿ ಕೇಳಿದರು.

"ಬರೀ ಸಲಹೆ ಹೇಳೋದೇ ಆಯ್ತು ಮೇಡಂ. ಹೇಳಿದ್ದನ್ನ ಯಾರಾದ್ರೂ ಮಾಡಿದ್ದು ಒಂದು ಸಲಾನೂ ನೋಡಲಿಲ್ಲ. ಇಲ್ಲಿ ಆದ್ರೆ ನೀವು ಕಂಪನಿ ಕೊಡಿಸ್ತೀರಿ, ಮಾರಿಸ್ತೀರಿ. ಏನೋ ಒಂದು ಆಗುತ್ತೆ."

ಅವರು ಒಂದು ದಪ್ಪ ವರದಿಯನ್ನು ಅವನತ್ತ ಸರಿಸಿದರು. ಬರೆದವರ ಹೆಸರಿದ್ದ ಹಾಳೆ ಅದರಲ್ಲಿರಲಿಲ್ಲ.

"ಹಳೇ ಹೆಂಚಿನ ಕಾರ್ಖಾನೆ. ಜಾಗಕ್ಕೋಸ್ಕರ ಕೊಳ್ಳೋರು ರೆಡಿ ಇದ್ದಾರೆ. ಆದ್ರೆ ಯಾರೋ ಪುಣ್ಯಾತ್ಮ 'ಮಾರಬೇಡಿ, ಉಳಿಸಬಹುದು' ಅಂತ ಬರೆದುಕೊಟ್ಟಿದ್ದಾನೆ. ಮಾಲೀಕರು ಅದನ್ನೇ ಹಿಡ್ಕೊಂಡು ಕೂತಿದ್ದಾರೆ. ಇದರಲ್ಲಿ ತಪ್ಪೆಲ್ಲಿದೆ, ತೋರಿಸಿ ನೋಡೋಣ."

ಅವನು ಮೊದಲ ಪುಟ ನೋಡಿದ. ಒಂದು ಗುಟುಕು ನೀರು ಕುಡಿದ. ಆಮೇಲೆ ನೇರ ಇಪ್ಪತ್ತಮೂರನೆಯ ಪುಟ ತೆರೆದ.

"ಮೂರು ವರ್ಷದಲ್ಲಿ ಬೇಡಿಕೆ ಏರುತ್ತೆ ಅಂತ ಬರೆದಿದೆ. ಇದಕ್ಕೆ ಆಧಾರವೇ ಇಲ್ಲ ಮೇಡಂ. ಬರೀ ಆಸೆ. ಇದೊಂದು ಬಿದ್ರೆ ಇಡೀ ವರದಿ ಬೀಳುತ್ತೆ."

ಅಧಿಕಾರಿಣಿ ಬೆರಗಾದರು. "ನಮ್ಮವರು ಒಂದು ವಾರ ಹುಡುಕಿದ್ರೂ ಸಿಕ್ಕಿರಲಿಲ್ಲ. ಇವತ್ತೇ ಮಾಲೀಕರಿಗೆ ತೋರಿಸ್ತೀವಿ. ಸೋಮವಾರ ಬಂದು ಸೇರ್ಕೊಳ್ಳಿ."

ಲಿಫ್ಟಿಗೆ ಕಾಯುತ್ತಿದ್ದಾಗ ಫೋನು ಬಂತು.

"ಸರ್, ನಾನು ಹೆಂಚಿನ ಕಾರ್ಖಾನೆಯ ಮೇಸ್ತ್ರಿ. ನೀವು ಬರೆದು ಕೊಟ್ಟದ್ದು ಉಂಟಲ್ಲ, ಅದನ್ನು ನಂಬಿ ಧಣಿಗಳು ಮಾರುವುದಿಲ್ಲ ಅಂತ ಹೇಳಿದ್ರು. ಇವತ್ತು ನಿಮ್ಮ ಹೆಸರಲ್ಲಿ ಇಲ್ಲಿ ಎಲ್ಲರಿಗೂ ಪಾಯಸ."