ಎರಡು ಇಂಚು

"ಅಳತೆ ತಪ್ಪಿದೆ. ಎರಡು ಮಾತಿಲ್ಲ," ಎಂದರು ನಿವೃತ್ತ ಹೆಡ್‌ಮಿಸ್ಟ್ರೆಸ್, ಅಂಗಡಿಯ ನಿಲುವುಗನ್ನಡಿಯ ಮುಂದೆ ನಿಂತು. ಹೊಸ ನಿಲುವಂಗಿಯ ಮುಂದಿನ ಅಂಚು ನೆಲ ಗುಡಿಸುತ್ತಿತ್ತು.

ಟೈಲರಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಇಪ್ಪತ್ತು ವರ್ಷದಿಂದ ಈ ಮೇಡಂಗೆ ಹೊಲಿಯುತ್ತಿದ್ದಾಳೆ. ಒಂದು ಗುಂಡಿ ಆಚೀಚೆ ಆದದ್ದಿಲ್ಲ. ಅಳತೆ ಪುಸ್ತಕ ತೆಗೆದಳು, ಬಟ್ಟೆಯ ಮೇಲೆ ಟೇಪು ಹಿಡಿದಳು. ಎಲ್ಲ ಸರಿಯಾಗಿಯೇ ಇತ್ತು.

"ಪುಸ್ತಕ ಸರಿ, ಬಟ್ಟೆ ಸರಿ. ಹಾಗಾದ್ರೆ ನಾನು ತಪ್ಪಾ?" ಮೇಡಂ ಹುಬ್ಬೇರಿಸಿದರು. ಊರಿನ ಅರ್ಧ ಮಂದಿ ಚಿಕ್ಕಂದಿನಲ್ಲಿ ಆ ಹುಬ್ಬಿಗೆ ನಡುಗಿದವರೇ.

"ಒಂದ್ನಿಮಿಷ ನೆಟ್ಟಗೆ ನಿಂತ್ಕೊಳ್ಳಿ ಮೇಡಂ."

"ನೆಟ್ಟಗೇ ನಿಂತಿದ್ದೀನಿ!"

ಟೈಲರಕ್ಕ ಈ ಸಲ ಮೇಡಂ ಮೈಗೇ ಟೇಪು ಹಿಡಿದು ಅಳೆದಳು. ಸೊಂಟದಿಂದ ಕೆಳಗೆ ಕೂದಲೆಳೆಯ ವ್ಯತ್ಯಾಸವಿಲ್ಲ. ಹೆಗಲಿಂದ ಸೊಂಟಕ್ಕೆ ಮಾತ್ರ ಪುಸ್ತಕದ ಹಳೆಯ ಅಳತೆಗಿಂತ ಎರಡು ಇಂಚು ಕಡಿಮೆ. ತಪ್ಪು ತನ್ನದೇ ಎಂದು ಅಂಚು ಮಡಚಿ ಹೊಲಿದುಕೊಟ್ಟರೆ ಹತ್ತು ನಿಮಿಷದ ಕೆಲಸ. ಹಳೆಯ ಗಿರಾಕಿಯೂ ಉಳಿಯುತ್ತಾರೆ. ಆದರೆ ನಾಲ್ಕು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಕೈಯೂರಿದ್ದಕ್ಕೇ ತನ್ನ ಮಣಿಕಟ್ಟು ಲಟಕ್ಕೆಂದು ಮುರಿದದ್ದು ಅವಳಿಗೆ ನೆನಪಾಯಿತು.

"ಬೆನ್ನು ನೋಯುತ್ತಾ ಮೇಡಂ?"

"ಈ ವಯಸ್ಸಲ್ಲಿ ನೋಯದೆ ಇರುತ್ತಾ?"

"ನೀವು ಕುಗ್ಗಿದ್ದೀರಿ. ಮುಟ್ಟು ನಿಂತ ಮೇಲೆ ಮೂಳೆ ಒಳಗೊಳಗೇ ಸವೆಯುತ್ತಂತೆ. ನಾನೂ ವಾರಕ್ಕೊಂದು ಮಾತ್ರೆ ನುಂಗ್ತಿದ್ದೀನಿ, ಇದು ನಾಲ್ಕನೇ ವರ್ಷ. ಒಂದ್ಸಲ ಡಾಕ್ಟರಿಗೆ ತೋರಿಸಿ."

"ಬಟ್ಟೆ ಕೆಡಿಸಿದ್ದೂ ಅಲ್ದೆ ನನಗೇ ಕಾಯಿಲೆ ಹಚ್ತೀಯಾ?" ನಿಲುವಂಗಿಯನ್ನು ಮೇಜಿನ ಮೇಲೆಸೆದು ಮೇಡಂ ಹೊರಟೇ ಹೋದರು.

ಮೂರು ವಾರ ಅವರ ಸುಳಿವಿಲ್ಲ. ಸುಮ್ಮನಿರಬಾರದಿತ್ತೇ ಎಂದು ಟೈಲರಕ್ಕ ನಾಲಿಗೆ ಕಚ್ಚಿಕೊಂಡಳು. ನಾಲ್ಕನೆಯ ವಾರ ಮೇಡಂ ತಾವಾಗಿಯೇ ಬಂದು, ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತರು.

"ನಿನ್ನ ಅಳತೆ ತಪ್ಪಿರಲಿಲ್ಲ ಕಣೇ. ಬೆನ್ನಿನ ಎರಡು ಮೂಳೆ ಯಾವಾಗ್ಲೋ ಕುಸಿದಿದೆಯಂತೆ, ನನಗೇ ಗೊತ್ತಾಗಿಲ್ಲ. ಕುಗ್ಗಿದ್ದು ವಾಪಸ್ ಬರಲ್ಲ, ಆದ್ರೆ ಮಾತ್ರೆ ತಗೊಂಡ್ರೆ ಇನ್ನಷ್ಟು ಮುರಿಯೋ ಭಯ ಕಮ್ಮಿಯಾಗುತ್ತೆ ಅಂದ್ರು ಡಾಕ್ಟರು. ನಿನ್ನ ಹಾಗೇ ವಾರಕ್ಕೊಂದು, ವರ್ಷಗಟ್ಟಲೆ." ನಿಟ್ಟುಸಿರಿಟ್ಟರು. "ಖಾಲಿ ಹೊಟ್ಟೇಲಿ ದೊಡ್ಡ ಲೋಟ ನೀರು. ಆಮೇಲೆ ಅರ್ಧ ಗಂಟೆ ಮಲಗೋ ಹಾಗಿಲ್ಲ, ಏನೂ ತಿನ್ನೋ ಹಾಗಿಲ್ಲ. ಆ ಅರ್ಧ ಗಂಟೆ ನೀನೇನು ಮಾಡ್ತೀಯೆ?"

"ಗೋಡೆ ನೋಡ್ತೀನಿ."

ಮೇಡಂ ಹೊಟ್ಟೆ ಹಿಡಿದು ನಕ್ಕರು. ಇಪ್ಪತ್ತು ವರ್ಷದಲ್ಲಿ ಟೈಲರಕ್ಕ ಕಂಡ ಮೊದಲ ನಗು ಅದು.

"ಯಾವತ್ತು ನುಂಗ್ತೀಯ?"

"ಭಾನುವಾರ, ಬೆಳಿಗ್ಗೆ ಆರೂವರೆಗೆ."

ಆ ಭಾನುವಾರ ನೀರಿನ ಲೋಟ ಕೆಳಗಿಡುವಷ್ಟರಲ್ಲಿ ಫೋನು ಹೊಡೆದುಕೊಂಡಿತು. "ನುಂಗಿದ್ಯಾ?" ಎಂದಿತು ಶಾಲೆಯ ಗಂಟೆಯಂಥ ದನಿ. ಅಲ್ಲಿಂದ ಮಾತು ಹಳೆಯ ವಿದ್ಯಾರ್ಥಿಗಳ ಡೊಳ್ಳು ಹೊಟ್ಟೆಗೆ, ಗಿರಾಕಿಗಳ ಗುಟ್ಟಿಗೆ, ಅಳಿಯಂದಿರ ಗೊರಕೆಗೆ ಹರಿಯಿತು. ಟೈಲರಕ್ಕ ಗಡಿಯಾರ ನೋಡಿದಳು.

"ಮೇಡಂ, ಒಂದು ಗಂಟೆ ಆಯ್ತು. ಇನ್ನು ತಿಂಡಿ ತಿನ್ನಬಹುದು."

"ಸುಮ್ನಿರೇ, ಈಗಷ್ಟೇ ಮುಖ್ಯ ವಿಷಯಕ್ಕೆ ಬಂದಿದ್ದೀನಿ."