ಮೂರೂರ ಕಬಡ್ಡಿ

ಮೂರೂರ ಹುಡುಗಿಯರ ಕಬಡ್ಡಿಯ ಚರಿತ್ರೆಯಲ್ಲಿ ಮೂರು ಕಾಲೇಜುಗಳ ಆಟದ ಮಾಸ್ತರರು ಮಸ್ಕಿಯಲ್ಲಿ ಸೇರಿದ ಆ ಸಭೆಗೆ ಮಹತ್ವದ ಸ್ಥಾನವಿದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಎರಡು ಸಲ ಬಂದಿತ್ತು. ಸಿಂಧನೂರು, ಲಿಂಗಸೂಗೂರು, ಮಸ್ಕಿ ಕಾಲೇಜುಗಳ ಪಂದ್ಯಾವಳಿಯನ್ನು ಇನ್ನು ಕೇಬಲ್ ಚಾನೆಲ್‌ನವರು ತೋರಿಸುತ್ತಾರಂತೆ, ಆ ದುಡ್ಡಲ್ಲಿ ಪ್ರತಿ ಕಾಲೇಜಿಗೂ ಮ್ಯಾಟ್ ಬರುತ್ತದಂತೆ. ಆದರೆ ರಾಯಚೂರು, ಬಳ್ಳಾರಿಯ ದೊಡ್ಡ ಕಾಲೇಜುಗಳು ಸೇರಬೇಕು, ಸಣ್ಣ ಮಸ್ಕಿಯನ್ನು ಬಿಡಬೇಕು ಎಂಬುದು ಅವರ ಷರತ್ತು.

"ಮಸ್ಕಿ ಮ್ಯಾಚು ಟಿ.ವಿ.ಯಾಗ ಯಾರ್ ನೋಡ್ತಾರ್ರೀ?" ಎನ್ನುತ್ತ ಸಿಂಧನೂರಿನ ಸೂಗಪ್ಪ ಮಾಸ್ತರರು ಆಗಲೇ ಕೈ ಎತ್ತಿದ್ದರು. ಮೂವರಲ್ಲಿ ಇನ್ನೊಂದು ಕೈ ಸಾಕಿತ್ತು.

ಲಿಂಗಸೂಗೂರಿನ ಯಮನೂರ ಎಂಬ ಮಾಸ್ತರರ ಬಲಗೈಯಲ್ಲಿ ಮಸ್ಕಿಯ ಅಂಜುಮ್ ಮೇಡಂ ಕೊಟ್ಟ ಮಿರ್ಚಿ ಇತ್ತು. ಲಿಂಗಸೂಗೂರಿನ ಹುಡುಗಿಯರು ಇಲ್ಲಿಯ ಗಟ್ಟಿ ನೆಲಕ್ಕೆ ಬಿದ್ದು ಮೊಣಕಾಲು ತರಚಿಕೊಂಡಾಗಲೆಲ್ಲ ಅರಿಶಿನ ಹಚ್ಚಿದವರೂ ಈಕೆಯೇ.

"ತಿನ್ರೀ ಸರ್, ಆರಿ ಹೋಗ್ತೈತಿ. ನೀವಂತೂ ಕೈ ಎತ್ತಂಗಿಲ್ಲ ಅಂತ ನಮ್ಮ ಹುಡುಗ್ಯಾರಿಗೆ ಹೇಳಿ ಬಂದೀನಿ," ಎಂದರು ಅಂಜುಮ್.

ಯಮನೂರ ಮಾಸ್ತರರು ಮಿರ್ಚಿಯನ್ನು ಕೆಳಗಿಡಲಿಲ್ಲ, ಕಚ್ಚಲೂ ಇಲ್ಲ. ಅದನ್ನೇ ನೋಡುತ್ತ ಎಡಗೈ ಎತ್ತಿದರು.

"ಎಡಗೈ ನಡೀತೈತೇನ್ರೀ?" ಅಂಜುಮ್ ಮೆಲ್ಲಗೆ ಕೇಳಿದರು.

"ನಡೀತೈತಿ," ಎಂದರು ಸೂಗಪ್ಪ ಮಾಸ್ತರರು.

ಮಸ್ಕಿ ಪಂದ್ಯಾವಳಿಯಿಂದ ಹೊರಬಿತ್ತು.